ಕಲಬುರಗಿ ಬಿಸಿಲಿಗೆ ನಾನು ಕ್ಯಾಪ್ ಆರಿಸಿದ್ದು ಹೀಗೆ

ನನ್ನದು ಜಮೀನು ಅಳೆಯುವ ಕೆಲಸ. ಕಲಬುರಗಿಯಲ್ಲಿ ಏಪ್ರಿಲ್, ಮೇ ಅಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ 8ಕ್ಕೆ ಹೊಲಕ್ಕೆ ಇಳಿದರೆ ಮಧ್ಯಾಹ್ನದವರೆಗೂ ನೆರಳಿಲ್ಲ. ಮೊದಲ ವರ್ಷ ಅಂಗಡಿಯ ಕನ್ನಡಿ ನೋಡಿ ಕಪ್ಪು ಪಾಲಿಯೆಸ್ಟರ್ ಕ್ಯಾಪ್ ತಗೊಂಡೆ. ನೋಡೋಕೆ ಚೆಂದ ಇತ್ತು, ಆದರೆ ಹೊಲದಲ್ಲಿ ಅರ್ಧ ಗಂಟೆಗೇ ಒಳಗೆಲ್ಲ ಬೆವರು, ಹಣೆ ಮೇಲೆ ಕೆಂಪು ಗೆರೆ. ತೆಗೆದು ಬ್ಯಾಗಿಗೆ ಹಾಕಿದೆ. ಸಂಜೆ ತಲೆನೋವು.

ಈಗ ನಾನು ಮೊದಲು ನೋಡುವುದು ಅಳತೆ. ಹುಬ್ಬಿನ ಮೇಲೆ, ಕಿವಿಗಿಂತ ಚೂರು ಮೇಲೆ ಟೇಪು ಸುತ್ತಿದರೆ ನನ್ನ ತಲೆ 59 ಸೆಂ.ಮೀ. ಫ್ರೀ ಸೈಜ್ ಅಂತ ಕೊಟ್ಟದ್ದು ಹಿಂದಿನ ಪಟ್ಟಿಯ ಕೊನೇ ತೂತಿಗೆ ಹಾಕಿದಾಗ ಮಾತ್ರ ಕೂರುತ್ತದೆ ಅಂದರೆ ಅದು ನನಗೆ ಸಣ್ಣದು, ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡುತ್ತೇನೆ. ಹಣೆ ಹತ್ತಿರ ಒಂದು ಬೆರಳು ಸಲೀಸಾಗಿ ತೂರಬೇಕು.

ಆಮೇಲೆ ಬಟ್ಟೆ. ತೆಳು ಹತ್ತಿ, ಆದರೆ ನೇಯ್ಗೆ ಒತ್ತಾಗಿರಬೇಕು. ಬಾಗಿಲ ಬೆಳಕಿಗೆ ಹಿಡಿದು ನೋಡಿ, ಚುಕ್ಕಿ ಚುಕ್ಕಿಯಾಗಿ ಬೆಳಕು ಬಂದರೆ ಬಿಸಿಲೂ ಬರುತ್ತದೆ, ಅಲ್ವಾ? ಒಳಗಿನ ಬೆವರು ಪಟ್ಟಿಯೂ ಹತ್ತಿಯದೇ ಇರಲಿ. ಹೊರಗೆ ಖಾಕಿ ಅಥವಾ ತಿಳಿ ಬೂದು ಬಣ್ಣ ಸಾಕು, ಅಂಚಿನ ಕೆಳಭಾಗ ಮಾತ್ರ ಗಾಢ ಇರಬೇಕು. ಇದು ನನಗೆ ಗೊತ್ತಾದದ್ದು ಶಹಾಬಾದ್ ಕಡೆ ಕಲ್ಲುಹಾಸಿನ ಮೇಲೆ ನಿಂತಾಗ. ನೆಲದಿಂದ ಚಿಮ್ಮಿದ ಬೆಳಕು ಅಂಚಿನ ಬಿಳಿ ಬಟ್ಟೆಗೆ ಬಡಿದು ನೇರ ಕಣ್ಣಿಗೇ ಬರುತ್ತಿತ್ತು.

ಸ್ಟೈಲ್ ವಿಚಾರದಲ್ಲಿ ಮುಖ ನೋಡಿಕೊಳ್ಳಲೇಬೇಕು. ನನ್ನದು ಉದ್ದ ಮುಖ, ಮುಂಭಾಗ ಎತ್ತರವಾಗಿ ಸೆಟೆದು ನಿಲ್ಲುವ ಕ್ಯಾಪ್ ಹಾಕಿದರೆ ಇನ್ನೂ ಉದ್ದ ಕಾಣುತ್ತದೆ. ತಲೆಗೆ ಅಂಟಿದ ಹಾಗೆ ಕೂರುವ, ಅಂಚು ಸ್ವಲ್ಪ ಬಾಗಿದ ಮೆತ್ತನೆಯದು ನನಗೆ ಒಪ್ಪುತ್ತದೆ. ನನ್ನ ತಮ್ಮನದು ದುಂಡು ಮುಖ, ಅವನಿಗೆ ಆ ಎತ್ತರದ್ದೇ ಚೆಂದ. ಚೆಕ್ಸ್ ಅಂಗಿ ಜಾಸ್ತಿ ಹಾಕುವವರು ಲೋಗೋ ಇಲ್ಲದ ಪ್ಲೇನ್ ಕ್ಯಾಪ್ ತಗೊಳ್ಳಿ. ಮೆತ್ತನೆಯದರಿಂದ ಇನ್ನೊಂದು ಅನುಕೂಲ, ಬೈಕ್ ಹತ್ತಿ ಹೆಲ್ಮೆಟ್ ಹಾಕುವಾಗ ಮಡಚಿ ಜೇಬಿಗೆ ಇಟ್ಟುಕೊಳ್ಳಬಹುದು.

ಆದರೆ ಇಂಥ ಕ್ಯಾಪ್ ಎಷ್ಟೇ ಒಳ್ಳೆಯದಿದ್ದರೂ ಕಿವಿ, ಕುತ್ತಿಗೆ ಮುಚ್ಚುವುದಿಲ್ಲ. ಒಂದು ಸಲ ಹೊಲದ ಯಜಮಾನರೇ ಹೇಳಿದರು, "ಕುತ್ತಿಗಿ ಸುಟ್ಟು ಕರ್ರಗಾಗ್ಯಾದ ನೋಡ್ರಿ ಸಾಹೇಬ್ರ, ಟವಲ್ ಹಾಕ್ಕೊರಿ." ಅವರ ತಲೆ ಮೇಲಿನ ಬಿಳಿ ಟವಲ್ ಹೆಗಲವರೆಗೂ ಇಳಿದಿತ್ತು. ಅವತ್ತಿನಿಂದ ಕ್ಯಾಪ್ ಊರೊಳಗೆ ಮಾತ್ರ. ಹೊಲಕ್ಕೆ ಸುತ್ತಲೂ 7 ಸೆಂ.ಮೀ.ಗಿಂತ ಜಾಸ್ತಿ ಅಂಚಿರುವ ಬಕೆಟ್ ಹ್ಯಾಟ್, ಗಾಳಿಗೆ ಹಾರದಂತೆ ಗದ್ದದ ಕೆಳಗೆ ದಾರ.

ವಾರಕ್ಕೊಮ್ಮೆ ಎರಡನ್ನೂ ಕೈಯಲ್ಲೇ ಒಗೆಯುತ್ತೇನೆ, ಹಿಂಡುವುದಿಲ್ಲ. ಬೋರಲು ಹಾಕಿದ ಸ್ಟೀಲ್ ಡಬ್ಬಿಯ ಮೇಲೆ ಇಟ್ಟು ನೆರಳಲ್ಲಿ ಒಣಗಿಸಿದರೆ ಆಕಾರ ಕೆಡುವುದಿಲ್ಲ.