ಥಂಡರ್‌ಬರ್ಡ್‌ಗೂ ಮೇಲ್ ಸರ್ವರ್‌ಗೂ ನಡುವೆ ಆಂಟಿವೈರಸ್ ಅಡ್ಡ ಬಂದಾಗ

ನಿನ್ನೆಯವರೆಗೆ ಸರಿಯಾಗಿದ್ದ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಇವತ್ತು ಸರ್ಟಿಫಿಕೇಟ್ (ಸರ್ವರ್‌ನ ಡಿಜಿಟಲ್ ಗುರುತುಪತ್ರ) ಎಚ್ಚರಿಕೆ ತೋರಿಸುತ್ತದೆ. ಅಥವಾ ಮೇಲ್ ಕಳಿಸುವಾಗ ಪ್ರಗತಿ ತೋರಿಸುವ ಪಟ್ಟಿ ಪೂರ್ತಿ ತುಂಬಿ ಅಲ್ಲೇ ನಿಂತುಬಿಡುತ್ತದೆ. ಪಾಸ್‌ವರ್ಡ್ ಬದಲಾಗಿಲ್ಲ, ಇಂಟರ್ನೆಟ್ ಇದೆ, ಅದೇ ಖಾತೆ ಮೊಬೈಲಿನಲ್ಲಿ ತೆರೆಯುತ್ತದೆ. ಹೀಗಿದ್ದಾಗ ಖಾತೆ ಅಳಿಸಿ ಹೊಸದಾಗಿ ಸೇರಿಸಲು ಹೋಗಬೇಡಿ. ಪಾಪ್ ಖಾತೆಯಾದರೆ (ಮೇಲ್‌ಗಳನ್ನು ಕಂಪ್ಯೂಟರಿಗೇ ಇಳಿಸಿಕೊಳ್ಳುವ ಬಗೆ) ಹಳೆಯ ಮೇಲ್‌ಗಳೇ ಕೈತಪ್ಪಬಹುದು. ಮೊದಲು ಅನುಮಾನಿಸಬೇಕಾದದ್ದು ಕಂಪ್ಯೂಟರಿನಲ್ಲಿರುವ ಆಂಟಿವೈರಸ್‌ನ ಮೇಲ್ ಸ್ಕ್ಯಾನ್ ಸೌಲಭ್ಯವನ್ನು.

ಈ ಸೌಲಭ್ಯ ಮೇಲ್ ಪ್ರೋಗ್ರಾಂ ಮತ್ತು ಸರ್ವರ್ ನಡುವೆ ಕೂತು ಹೋಗಿಬರುವುದನ್ನೆಲ್ಲ ಓದುತ್ತದೆ. ಮೇಲ್ ಬಯಲಾಗಿಯೇ ಹರಿಯುತ್ತಿದ್ದ ಕಾಲದಲ್ಲಿ 110, 143, 25 ಪೋರ್ಟ್‌ಗಳನ್ನು (ಕನೆಕ್ಷನ್‌ನ ಸಂಖ್ಯೆಯಿಟ್ಟ ಬಾಗಿಲುಗಳು), ನ್ಯೂಸ್‌ಗ್ರೂಪ್ ಎಂಬ ಹಳೆಯ ಚರ್ಚಾ ಗುಂಪುಗಳ 119ನ್ನು ಗಮನಿಸಿದರೆ ಸಾಕಿತ್ತು. ಈಗ ಬಳಕೆಯಲ್ಲಿರುವ 993, 995, 465, 587ರಲ್ಲಿ ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ಓದಬೇಕಾದರೆ ಬೀಗ ಬಿಚ್ಚಲೇಬೇಕು. ಹಾಗಾಗಿ ಆಂಟಿವೈರಸ್ ಸರ್ವರ್‌ನ ಅಸಲಿ ಸರ್ಟಿಫಿಕೇಟನ್ನು ತನ್ನ ಹತ್ತಿರ ಇಟ್ಟುಕೊಂಡು, ತಾನೇ ಸಹಿ ಹಾಕಿದ ಇನ್ನೊಂದನ್ನು ಥಂಡರ್‌ಬರ್ಡ್‌ಗೆ ಕೊಡುತ್ತದೆ. ಆ ಸಹಿಗೆ ಆಧಾರವಾದ ರೂಟ್ ಸರ್ಟಿಫಿಕೇಟ್ ವಿಂಡೋಸ್ ನಂಬುವ ಪಟ್ಟಿಯಲ್ಲಿ ಸೇರಿರುವುದರಿಂದ ಔಟ್‌ಲುಕ್ ತಕರಾರಿಲ್ಲದೆ ನಡೆಯುತ್ತದೆ. ವಿಂಡೋಸ್‌ನ ಪಟ್ಟಿಯನ್ನು ಥಂಡರ್‌ಬರ್ಡ್ ನಂಬುವುದು ಅದರ ಸೆಟ್ಟಿಂಗ್ ಒಪ್ಪಿದರೆ ಮಾತ್ರ, ಇಲ್ಲದಿದ್ದರೆ ತನ್ನದೇ ಪಟ್ಟಿಯನ್ನು. ಆ ಪಟ್ಟಿಗೆ ರೂಟ್ ಸೇರದೆ ಹೋದರೆ, ಅಥವಾ ಆಂಟಿವೈರಸ್ ಅಪ್‌ಡೇಟ್ ಆಗಿ ಹೊಸ ರೂಟ್ ಹುಟ್ಟಿಸಿಕೊಂಡರೆ, ಎಚ್ಚರಿಕೆ ಶುರು.

ಇದನ್ನು ಖಚಿತಪಡಿಸಿಕೊಳ್ಳಲು ಒಂದೇ ನಿಮಿಷ ಸಾಕು. ಎಚ್ಚರಿಕೆಯ ಕಿಟಕಿಯಲ್ಲಿ ‘ಕನ್ಫರ್ಮ್ ಸೆಕ್ಯುರಿಟಿ ಎಕ್ಸೆಪ್ಷನ್’ ಒತ್ತುವ ಮೊದಲು ‘ವ್ಯೂ’ ಒತ್ತಿ, ‘ಇಷ್ಯೂಯರ್ ನೇಮ್’ ಕೆಳಗೆ ಯಾರ ಹೆಸರಿದೆ ಓದಿ. ಜಿಮೇಲ್ ಸರ್ವರ್ ಆದರೆ ಗೂಗಲ್ ಟ್ರಸ್ಟ್ ಸರ್ವಿಸಸ್ ಇರಬೇಕು. ಅದರ ಬದಲು ‘ಅವಾಸ್ಟ್ ವೆಬ್/ಮೇಲ್ ಶೀಲ್ಡ್ ರೂಟ್’, ‘ಈಸೆಟ್ ಎಸ್‌ಎಸ್‌ಎಲ್ ಫಿಲ್ಟರ್ ಸಿಎ’ ಅಥವಾ ಕ್ಯಾಸ್ಪರ್‌ಸ್ಕಿಯ ಪರ್ಸನಲ್ ರೂಟ್ ಕಂಡರೆ ಅಡ್ಡ ಬಂದವರು ಯಾರೆಂದು ಗೊತ್ತಾಯಿತು. ಅವಾಸ್ಟ್‌ನ ಹೆಸರಿನಲ್ಲಿ ‘ಅನ್‌ಟ್ರಸ್ಟೆಡ್ ರೂಟ್’ ಎಂದಿದ್ದರೆ ವಿಷಯ ಬೇರೆ: ಆಗ ಸರ್ವರ್‌ನ ಅಸಲಿ ಸರ್ಟಿಫಿಕೇಟೇ ಅವಾಸ್ಟ್‌ಗೆ ಒಪ್ಪಿಗೆಯಾಗಿಲ್ಲ, ಬಹುಶಃ ಅವಧಿ ಮುಗಿದಿದೆ. ಹೋಟೆಲ್ ಅಥವಾ ಕೆಫೆಯ ವೈಫೈನಲ್ಲಿ ಕೂತಾಗ ಗುರುತಿಲ್ಲದ ಹೆಸರು ಕಂಡರೆ ಎಕ್ಸೆಪ್ಷನ್ ಕೊಡಲೇಬೇಡಿ, ಆ ನೆಟ್‌ವರ್ಕ್ ಬಿಟ್ಟುಬಿಡಿ. ಸರ್ಟಿಫಿಕೇಟ್ ಎಚ್ಚರಿಕೆಗೆ ಕಣ್ಣುಮುಚ್ಚಿ ‘ಸರಿ’ ಒತ್ತುವ ಅಭ್ಯಾಸವೇ ಇಡೀ ಪ್ರಕರಣದಲ್ಲಿ ಅತಿ ಅಪಾಯಕಾರಿ.

ಎಚ್ಚರಿಕೆಯೇ ಬಾರದೆ ಕನೆಕ್ಷನ್ ಮಾತ್ರ ಕಡಿಯುತ್ತಿದ್ದರೆ ಥಂಡರ್‌ಬರ್ಡ್ ಸೆಟ್ಟಿಂಗ್ಸ್‌ನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಗೆ ಹೋಗಿ, ‘ಮ್ಯಾನೇಜ್ ಸರ್ಟಿಫಿಕೇಟ್ಸ್’ ತೆರೆದು, ‘ಅಥಾರಿಟೀಸ್’ ಪಟ್ಟಿಯಲ್ಲಿ ಆಂಟಿವೈರಸ್ ಹೆಸರು ಹುಡುಕಿ. ಇದ್ದರೆ ಅದು ಒಳಗೆ ಕೂತಿದೆ ಎಂದರ್ಥ. ಗಡಿಯಾರದ ಪಕ್ಕದ ಐಕಾನ್ ಒತ್ತಿ ಆಂಟಿವೈರಸ್ಸನ್ನು ಹತ್ತು ನಿಮಿಷ ‘ಡಿಸೇಬಲ್’ ಮಾಡಿ ನೋಡುವುದನ್ನು ಪರೀಕ್ಷೆ ಎಂದು ನಂಬಬೇಡಿ. ಎಷ್ಟೋ ಪ್ರಾಡಕ್ಟ್‌ಗಳಲ್ಲಿ ನೆಟ್‌ವರ್ಕ್ ಡ್ರೈವರ್ ಆಗಲೂ ಜೀವಂತವಾಗಿರುತ್ತದೆ. ನಿಜವಾದ ಪರೀಕ್ಷೆ ಸೇಫ್ ಮೋಡ್: ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ, ‘ಟ್ರಬಲ್‌ಶೂಟ್’, ‘ಅಡ್ವಾನ್ಸ್‌ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ‘ರೀಸ್ಟಾರ್ಟ್’ ಆದ ಮೇಲೆ 5 ಒತ್ತಿ. ನೆಟ್‌ವರ್ಕ್ ಸಹಿತ ಸೇಫ್ ಮೋಡ್ ಬರುತ್ತದೆ. ಅಲ್ಲಿ ವೈಫೈ ಸಿಗದಿದ್ದರೆ ಕೇಬಲ್ ಹಾಕಿ. ಅಲ್ಲಿ ಮೇಲ್ ಸರಾಗವಾಗಿ ಬಂದರೆ ತಪ್ಪು ಸರ್ವರ್‌ನದಲ್ಲ, ನಿಮ್ಮ ಯಂತ್ರದಲ್ಲೇ ಇದೆ.

ಪರಿಹಾರಕ್ಕೆ ಇಡೀ ಆಂಟಿವೈರಸ್ ತೆಗೆಯಬೇಕಿಲ್ಲ. ಮೇಲ್ ಸ್ಕ್ಯಾನ್ ಒಂದನ್ನು ನಿಲ್ಲಿಸಿ, ಫೈಲ್‌ಗಳ ರಿಯಲ್‌ಟೈಮ್ ರಕ್ಷಣೆಯನ್ನು ಹಾಗೇ ಬಿಡಿ. ಅಟ್ಯಾಚ್‌ಮೆಂಟನ್ನು ನೀವು ಸೇವ್ ಮಾಡುವ ಅಥವಾ ತೆರೆಯುವ ಕ್ಷಣದಲ್ಲಿ ಆ ರಕ್ಷಣೆ ಅದನ್ನು ಹೇಗಿದ್ದರೂ ಪರೀಕ್ಷಿಸುತ್ತದೆ. ಅವಾಸ್ಟ್‌ನಲ್ಲಿ ‘ಕೋರ್ ಶೀಲ್ಡ್ಸ್’ ಒಳಗೆ ‘ಮೇಲ್ ಶೀಲ್ಡ್’ ಇದೆ. ಈಸೆಟ್‌ನಲ್ಲಿ ಎಫ್5 ಒತ್ತಿ ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ವಿಭಾಗ ತೆರೆಯಬೇಕು. ಕ್ಯಾಸ್ಪರ್‌ಸ್ಕಿಯಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗಿನ ‘ಎನ್‌ಕ್ರಿಪ್ಟೆಡ್ ಕನೆಕ್ಷನ್ಸ್’ ಭಾಗ ನೋಡಿ. ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಕೊಂಚ ಸರಿದಾಡುತ್ತವೆ. ಮೇಲ್ ಸ್ಕ್ಯಾನ್ ಇರಲೇಬೇಕು ಅನ್ನುವವರು ಥಂಡರ್‌ಬರ್ಡ್‌ನ ಕಾನ್ಫಿಗ್ ಎಡಿಟರ್‌ನಲ್ಲಿ (ಒಳ ಸೆಟ್ಟಿಂಗ್‌ಗಳ ಪಟ್ಟಿ) ‘security.enterprise_roots.enabled’ ಎಂಬುದು ‘ಟ್ರೂ’ ಆಗಿದೆಯೇ ನೋಡಿ, ಇಲ್ಲದಿದ್ದರೆ ‘ಟ್ರೂ’ ಮಾಡಿದರೆ ಅದು ವಿಂಡೋಸ್‌ನ ಪಟ್ಟಿಯನ್ನೂ ನಂಬತೊಡಗುತ್ತದೆ. ಎಚ್ಚರಿಕೆ ನಿಲ್ಲುತ್ತದೆ, ಸ್ಕ್ಯಾನ್‌ನಿಂದಾಗುವ ನಿಧಾನ ಮಾತ್ರ ಉಳಿಯುತ್ತದೆ.

ಥಂಡರ್‌ಬರ್ಡ್‌ನಲ್ಲೇ ಎನ್‌ಕ್ರಿಪ್ಷನ್ ತೆಗೆದು ‘ನನ್’ (ಯಾವುದೂ ಇಲ್ಲ) ಮಾಡಿ, ಮಿಕ್ಕದ್ದನ್ನು ಆಂಟಿವೈರಸ್ ನೋಡಿಕೊಳ್ಳುತ್ತದೆ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಅದನ್ನು ಪಾಲಿಸಬೇಡಿ. ನಾಳೆ ಆಂಟಿವೈರಸ್ ತೆಗೆದ ದಿನ, ಸರ್ವರ್ ಒಪ್ಪಿದರೆ ನಿಮ್ಮ ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ.

ಕಳಿಸುವಾಗ ನಿಲ್ಲುವುದಕ್ಕೂ ಇದೇ ಮೂಲ. ಆಂಟಿವೈರಸ್ ಇಡೀ ಪತ್ರವನ್ನು ಮೊದಲು ತಾನು ಪಡೆದು, ಪರೀಕ್ಷಿಸಿ, ಆಮೇಲೆ ಸರ್ವರ್‌ಗೆ ದಾಟಿಸುತ್ತದೆ. ಅಷ್ಟರಲ್ಲಿ ಥಂಡರ್‌ಬರ್ಡ್‌ನ 100 ಸೆಕೆಂಡ್ ಗಡುವು ಮುಗಿದರೆ ‘ಟೈಮ್ಡ್ ಔಟ್’. ಕೆಲವೊಮ್ಮೆ ಪತ್ರ ತಲುಪಿದ ಮೇಲೂ ಈ ದೋಷ ಕಾಣುತ್ತದೆ, ಮತ್ತೆ ಕಳಿಸಿದರೆ ಅವರಿಗೆ ಎರಡೆರಡು ಪ್ರತಿ. ಅಟ್ಯಾಚ್‌ಮೆಂಟ್ ಮೇಲ್‌ಗೆ ಸೇರುವಾಗ ಮೂರನೇ ಒಂದರಷ್ಟು ಉಬ್ಬುತ್ತದೆ ಎಂಬುದೂ ನೆನಪಿರಲಿ: 15 ಎಂಬಿ ಫೈಲ್ ಸುಮಾರು 20 ಎಂಬಿ ಆಗುತ್ತದೆ.

ಇನ್ನೊಂದು ತೊಂದರೆ ಇದೆ, ಕನೆಕ್ಷನ್ನಿನದಲ್ಲದಿದ್ದರೂ ಎಲ್ಲಕ್ಕಿಂತ ನೋವು ಕೊಡುವಂಥದ್ದು: ಇದ್ದಕ್ಕಿದ್ದಂತೆ ಇನ್‌ಬಾಕ್ಸ್ ಖಾಲಿ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಮೇಲ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಡುತ್ತದೆ. ಅದರಲ್ಲಿ ಒಂದೇ ಒಂದು ವೈರಸ್ ಮೇಲ್ ಸಿಕ್ಕರೂ ಆಂಟಿವೈರಸ್ ಇಡೀ ಫೈಲನ್ನು ಕ್ವಾರಂಟೈನ್‌ಗೆ (ಅನುಮಾನದ ಫೈಲ್‌ಗಳನ್ನು ಬೇರೆಯಿಡುವ ಜಾಗ) ಹಾಕಬಹುದು. ಥಂಡರ್‌ಬರ್ಡ್ ಮುಚ್ಚಿ, ಕ್ವಾರಂಟೈನ್‌ನಿಂದ ‘ಇನ್‌ಬಾಕ್ಸ್’ ಎಂಬ, ಎಕ್ಸ್‌ಟೆನ್ಷನ್ ಇಲ್ಲದ ಫೈಲನ್ನು ರಿಸ್ಟೋರ್ ಮಾಡಿ, ಥಂಡರ್‌ಬರ್ಡ್ ತನ್ನ ಮೇಲ್‌ಗಳನ್ನಿಡುವ ಪ್ರೊಫೈಲ್ ಫೋಲ್ಡರನ್ನು ಸ್ಕ್ಯಾನ್‌ನಿಂದ ಹೊರಗಿಡಿ. ಜೊತೆಗೆ ಥಂಡರ್‌ಬರ್ಡ್ ಸೆಟ್ಟಿಂಗ್ಸ್‌ನ ‘ಆಂಟಿವೈರಸ್’ ವಿಭಾಗದಲ್ಲಿ, ಬರುವ ಪ್ರತಿ ಮೇಲನ್ನು ಬಿಡಿಯಾಗಿ ಕ್ವಾರಂಟೈನ್ ಮಾಡಲು ಅನುಮತಿಸುವ ಟಿಕ್ ಹಾಕಿ. ಹಾಗೆ ಮಾಡಿದರೆ ಪಾಪ್ ಖಾತೆಗೆ ಬರುವ ಪತ್ರ ಮೊದಲು ತಾತ್ಕಾಲಿಕ ಫೈಲಿಗೆ ಇಳಿಯುತ್ತದೆ, ಸಿಕ್ಕಿಬಿದ್ದರೆ ಅದೊಂದೇ ಸಿಕ್ಕಿಬೀಳುತ್ತದೆ.

ನ್ಯೂಸ್‌ಗ್ರೂಪ್ ಕಡೆಗೆ ಬಂದರೆ, ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿ 22ರಿಂದ ಯೂಸ್‌ನೆಟ್ ಎಂಬ ನ್ಯೂಸ್‌ಗ್ರೂಪ್ ಜಾಲಕ್ಕೆ ಹೊಸ ಬರಹ ಸೇರಿಸುವುದನ್ನು ನಿಲ್ಲಿಸಿದ ಮೇಲೆ ಎಟರ್ನಲ್ ಸೆಪ್ಟೆಂಬರ್‌ನಂಥ ಸರ್ವರ್‌ಗಳೇ ಆಸರೆ. ಫೈರ್‌ವಾಲ್‌ನಲ್ಲಿ ‘ಇಮೇಲ್’ ನಿಯಮಕ್ಕೆ ಬರೀ ಮೇಲ್ ಪೋರ್ಟ್‌ಗಳನ್ನು ಕೊಟ್ಟಿದ್ದರೆ ನ್ಯೂಸ್‌ಗ್ರೂಪಿನ 119 ಮತ್ತು ಅದರ ಎನ್‌ಕ್ರಿಪ್ಟ್ ಆದ ರೂಪ 563 ಹೊರಗುಳಿದು, ಮೇಲ್ ಬರುತ್ತದೆ, ನ್ಯೂಸ್ ಬರುವುದಿಲ್ಲ. ವಿಂಡೋಸ್‌ನ ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ (Test-NetConnection) ಕಮಾಂಡಿಗೆ ಸರ್ವರ್ ಹೆಸರು ಮತ್ತು ಪೋರ್ಟ್ 563 ಕೊಟ್ಟು ನೋಡಿ. ‘ಟಿಸಿಪಿ ಟೆಸ್ಟ್ ಸಕ್ಸೀಡೆಡ್’ ಎದುರು ‘ಫಾಲ್ಸ್’ ಬಂದರೆ ದಾರಿಯಲ್ಲೇ ತಡೆಯಿದೆ. ‘ಟ್ರೂ’ ಬಂದರೂ ಥಂಡರ್‌ಬರ್ಡ್ ಸೇರದಿದ್ದರೆ ಫೈರ್‌ವಾಲ್‌ನಲ್ಲಿ ಅದರ ನಿಯಮ ಅಳಿಸಿ ಮತ್ತೆ ಅನುಮತಿ ಕೊಡಿ, ಏಕೆಂದರೆ ಅಪ್‌ಡೇಟ್ ಆದ ಪ್ರೋಗ್ರಾಂ ಕೆಲವು ಫೈರ್‌ವಾಲ್‌ಗಳಿಗೆ ಹೊಸಬನಂತೆ ಕಾಣುತ್ತದೆ. ಶೀರ್ಷಿಕೆಗಳು ಬಂದು ಬರಹ ಮಾತ್ರ ತೆರೆಯದಿದ್ದರೆ ಸ್ಕ್ಯಾನ್ ಮಾಡುವ ಪೋರ್ಟ್‌ಗಳ ಪಟ್ಟಿಯಿಂದ 119ನ್ನು ತೆಗೆಯಿರಿ.

ಎಲ್ಲ ಸರಿಹೋದ ಮೇಲೆ ‘ಮ್ಯಾನೇಜ್ ಸರ್ಟಿಫಿಕೇಟ್ಸ್’ನ ‘ಸರ್ವರ್ಸ್’ ಪಟ್ಟಿಯಲ್ಲಿ ಅವಸರಕ್ಕೆ ಕೊಟ್ಟ ಹಳೆಯ ಎಕ್ಸೆಪ್ಷನ್‌ಗಳಿದ್ದರೆ ಅಳಿಸಿ, ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ. ಒಂದು ಪತ್ರವನ್ನು ನಿಮಗೆ ನೀವೇ ಕಳಿಸಿ ನೋಡಿ, ಆಮೇಲೆ ಐದಾರು ಎಂಬಿ ಅಟ್ಯಾಚ್‌ಮೆಂಟ್ ಹಾಕಿ ಇನ್ನೊಂದು.