ಅಂಜುವ ಮಕ್ಕಳೊಂದಿಗೆ ಕಮಲಾಪುರ, ದರೋಜಿ

ನಮ್ಮ ಮನೆಯ ಮಕ್ಕಳಿಬ್ಬರೂ ಅಂಜುಬುರುಕರು. ಎಂಟು ವರ್ಷದ ಮಗಳಿಗೆ ಜನಜಂಗುಳಿ ಆಗದು. ನಾಲ್ಕು ವರ್ಷದ ಮಗನಿಗೆ ಸದ್ದು ಆಗದು, ಕುಕ್ಕರ್ ಕೂಗಿದರೂ ಕಿವಿ ಮುಚ್ಚಿಕೊಳ್ಳುತ್ತಾನೆ. ಇಂಥವರನ್ನು ಹುಲಿ, ಸಿಂಹ ತೋರಿಸಲು ಕರೆದೊಯ್ಯುತ್ತೇವೆ ಎಂದಾಗ ಬಳ್ಳಾರಿಯ ನಮ್ಮ ಓಣಿಯಲ್ಲಿ ನಕ್ಕವರೇ ಹೆಚ್ಚು.

ಬೆಳಿಗ್ಗೆ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ, ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮ. ಬಳ್ಳಾರಿಯಿಂದ ಹೊರಟರೆ ಒಂದೇ ದಿನದಲ್ಲಿ ಎರಡೂ ಮುಗಿಯುತ್ತವೆ. ಚಳಿಗಾಲದಲ್ಲಿ ಹೋಗಬೇಕು; ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಪ್ರಾಣಿಗಳೂ ನೆರಳು ಬಿಟ್ಟು ಏಳುವುದಿಲ್ಲ, ಮಕ್ಕಳೂ ರಚ್ಚೆ ಹಿಡಿಯುತ್ತಾರೆ.

ತಯಾರಿ ಮನೆಯಲ್ಲೇ ಶುರುವಾಯಿತು. ಸಿಂಹದ ಗರ್ಜನೆ ಎಂಟು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಹತ್ತಿರದಲ್ಲಿ ನಿಂತರೆ ಅದು ಎದೆಯೊಳಗೇ ನಡುಗುತ್ತದೆ. ಹಾಗಾಗಿ ಮೊಬೈಲಿನಲ್ಲಿ ಗರ್ಜನೆಯನ್ನು ಹಾಕಿ ಫೋನನ್ನು ಮಗನ ಕೈಗೇ ಕೊಟ್ಟೆ. ಸದ್ದು ಏರಿಸುವುದು, ಇಳಿಸುವುದು, ನಿಲ್ಲಿಸುವುದು ಎಲ್ಲವೂ ಅವನದೇ. ಮೊದಲು ಕೇಳಿಸಿಯೂ ಕೇಳಿಸದಷ್ಟು ಸಣ್ಣದಾಗಿ ಇಟ್ಟುಕೊಂಡವನು, ಕೊನೆಕೊನೆಗೆ ಅದನ್ನು ಅಕ್ಕನ ಕಿವಿಯ ಹತ್ತಿರ ಹಿಡಿದು ಬೈಸಿಕೊಂಡ.

ಇನ್ನೊಂದು ಕೆಲಸ ಇದಕ್ಕಿಂತ ಕಷ್ಟದ್ದು: ಅತ್ತೆಯವರನ್ನು ಒಪ್ಪಿಸುವುದು. ಮೊಮ್ಮಗ ತುತ್ತು ಬಾಯಿಗೆ ತೆಗೆದುಕೊಳ್ಳದಿದ್ದರೆ "ಕರಡಿ ಬಂದು ಹೊತ್ತುಕೊಂಡು ಹೋಗುತ್ತದೆ ನೋಡು" ಎನ್ನುವುದು ಅವರ ರೂಢಿ. ಸ್ವಲ್ಪ ದಿನ ಕರಡಿಯನ್ನು ಊಟದ ಹೊತ್ತಿಗೆ ಕರೆಯಬೇಡಿ ಎಂದು ಕೇಳಿಕೊಂಡೆ. ಅವರಿಗೆ ಹಿಡಿಸಲಿಲ್ಲ. "ನಿನ್ನ ಗಂಡನನ್ನು ಕರಡಿಯ ಬೆನ್ನ ಮೇಲೆಯೇ ಕೂರಿಸಿದ್ದೆವಮ್ಮ, ಅಂಜಿಕೆ ಅಲ್ಲಿಗೇ ಬಿಟ್ಟುಹೋಯಿತು" ಎಂದರು. ಆಗೆಲ್ಲ ಕರಡಿ ಆಡಿಸುವವರು ಮೂಗುದಾರ ಹಾಕಿದ ಕರಡಿಯನ್ನು ಊರೂರಿಗೆ ತರುತ್ತಿದ್ದರು, ಕೂದಲಿನ ತಾಯತ ಮಾರುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಅದು ಬಹಳ ಕಾಲ ನಡೆದೇ ಇತ್ತು. ಅಂಜಿಕೆ ಬಿಟ್ಟಿತೇ ಎಂದು ನನ್ನವರನ್ನು ಕೇಳಿದರೆ, "ನನಗೆ ನೆನಪಿರುವುದು ನಾನು ಅತ್ತದ್ದು ಮಾತ್ರ" ಎಂದರು, ಅದೂ ಅತ್ತೆಯವರ ಎದುರಿಗೆ!

ಪ್ರಾಣಿಸಂಗ್ರಹಾಲಯದಲ್ಲಿ ಮೊದಲು ಜಿಂಕೆಗಳ ಕಡೆಗೇ ನಡೆದೆವು. ಹುಲಿಯ ಆವರಣದ ಬಳಿ ನಾನು ಮಗನಿಗೆ ಹುಲಿಯನ್ನು ತೋರಿಸಲಿಲ್ಲ. ನಡುವಿನ ತಡೆ ಯಾವುದು, ಎಷ್ಟು ಎತ್ತರ, ಹುಲಿ ಯಾಕೆ ದಾಟಲಾರದು ಎಂಬುದನ್ನು ತೋರಿಸಿದೆ. ಎಲ್ಲಿ ನಿಲ್ಲಬೇಕೆಂದು ಅವನೇ ಹೇಳಿದ. ಅವನು ಆರಿಸಿಕೊಂಡ ಜಾಗದಿಂದ ಹುಲಿಯ ಬಾಲವಷ್ಟೇ ಕಾಣುತ್ತಿತ್ತು. ಇರಲಿ, ಬಾಲವೂ ಹುಲಿಯದೇ. ಗುಂಪು ಬಂದಾಗ ಮಗಳು ನನ್ನ ಬೆರಳು ಹಿಂಡುತ್ತಿದ್ದಳು. ಅದು ನಾವು ಮೊದಲೇ ಮಾತಾಡಿಕೊಂಡ ಗುರುತು. ಹಿಂಡಿದ ಕೂಡಲೇ ಪಕ್ಕಕ್ಕೆ ಸರಿದುಬಿಡುತ್ತಿದ್ದೆವು. ಸಫಾರಿ ವಾಹನ ಹತ್ತಲಿಲ್ಲ. ಬಾಗಿಲು ಹಾಕಿದ ಮೇಲೆ ನಡುವೆ ಇಳಿಯಲು ಆಗುವುದಿಲ್ಲ ಎಂದು ಮುಂಚೆಯೇ ಹೇಳಿದ್ದೆ. ಇಬ್ಬರೂ ಬೇಡ ಎಂದರು. "ಗಂಡು ಹುಡುಗ ಆಗಿ ಇಷ್ಟಕ್ಕೆಲ್ಲ ಹೆದರುತ್ತಾನಾ" ಎಂದು ಸಾಲಿನಲ್ಲಿದ್ದ ಒಬ್ಬರು ಉಪದೇಶಕ್ಕೆ ಇಳಿದರು. ಹೌದು, ಹೆದರುತ್ತಾನೆ ಎಂದೆ.

ಹೊರಗೆ ಮರದ ನೆರಳಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ ದರೋಜಿಗೆ ಹೋದೆವು. 1994ರಲ್ಲಿ ಘೋಷಣೆಯಾದ ಧಾಮ ಅದು. ಅಂಜುವ ಮಕ್ಕಳಿಗೆ ನಾನು ಮೊದಲು ಹೇಳುವ ಜಾಗವೂ ಅದೇ. ಅಲ್ಲಿ ನಾವು ವೀಕ್ಷಣಾ ಗೋಪುರದ ಮೇಲೆ, ಕರಡಿ ದೂರದ ಬಂಡೆಗಳ ಮೇಲೆ. ಸಿಬ್ಬಂದಿ ಮೊದಲೇ ಬಂಡೆಗಳಿಗೆ ಬೆಲ್ಲದ ಪಾಕ ಸವರಿರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಅವು ಗುಡ್ಡದಿಂದ ಇಳಿಯುತ್ತವೆ. ಪ್ರಾಣಿ ಬೇಕಾದರೆ ಬರುತ್ತದೆ, ನಾವು ಬೇಕಾದರೆ ನೋಡುತ್ತೇವೆ. ಗದ್ದಲ ಮಾಡುವಂತಿಲ್ಲವಾದ್ದರಿಂದ ಮಗನಿಗೆ ಅದೊಂದು ನೆಮ್ಮದಿ.

ಮೊದಲು ಬಂದದ್ದು ನವಿಲು. ಬಹಳ ಹೊತ್ತಿನ ಮೇಲೆ ಕಪ್ಪಗೆ ಏನೋ ಅಲುಗಾಡಿತು. ಬರಿಗಣ್ಣಿಗೆ ಅದು ಹೆಬ್ಬೆಟ್ಟಿನಷ್ಟೂ ಇರಲಿಲ್ಲ. ದುರ್ಬೀನಿನಲ್ಲಿ ನೋಡಿದರೆ ತಾಯಿಕರಡಿ, ಬೆನ್ನ ಮೇಲಿನ ಜಡೆಗಟ್ಟಿದ ಕೂದಲನ್ನು ಬಿಗಿಯಾಗಿ ಹಿಡಿದು ಕೂತ ಮರಿ. ತಾಯಿ ಉದ್ದನೆಯ ತುಟಿ ಚಾಚಿ ಬಂಡೆಯ ಬಿರುಕಿನಿಂದ ಬೆಲ್ಲ ಹೀರುತ್ತಿತ್ತು. ಗೆದ್ದಲನ್ನೂ ಅದು ಹೀಗೆಯೇ ಹೀರುತ್ತದೆ. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇಲ್ಲದಿರುವುದೂ ಅದಕ್ಕೆ ಅನುಕೂಲ. ಮಗ ಕಣ್ಣಿಗೆ ಭಯವಾದಾಗಲೆಲ್ಲ ದುರ್ಬೀನು ಇಳಿಸುತ್ತಿದ್ದ, ಕರಡಿ ಪುಟ್ಟದಾಗುತ್ತಿತ್ತು, ಮತ್ತೆ ಎತ್ತುತ್ತಿದ್ದ. "ಅದಕ್ಕೂ ಹಲ್ಲು ಬಿದ್ದಿದೆಯಾ?" ಎಂದು ಕೇಳಿದ. ಮುಂದಿನ ಎರಡು ಹಲ್ಲು ಬಿದ್ದಿದ್ದ ಅವನ ಅಕ್ಕನಿಗೆ ಸಿಟ್ಟು ಬಂತು.

ದುರ್ಬೀನು ತಪ್ಪದೆ ಒಯ್ಯಿರಿ, ಮಕ್ಕಳ ಕೈಗೆ ಹಿಡಿಯುವಷ್ಟು ಹಗುರದ್ದು. ನೀರು, ಟೋಪಿ ಇರಲಿ. ಕತ್ತಲಾಗುವ ಮೊದಲೇ ಹೊರಡಿ. ಸಫಾರಿಯ ಬಗ್ಗೆ ಮುಂದಿನ ಚಳಿಗಾಲದಲ್ಲಿ ಮತ್ತೊಮ್ಮೆ ಕೇಳುತ್ತೇವೆ. ಮಗಳು ಆಗಲೇ ಅರ್ಧ ಒಪ್ಪಿದ್ದಾಳೆ, ಆದರೆ ಕಿಟಕಿ ಪಕ್ಕದಲ್ಲಿ ಅಪ್ಪ ಕೂರಬೇಕಂತೆ.