ಪಾಪುವಿನ ಅಂಗಿಗೆ ಚಿತ್ರ ಅಂಟಿಸುವವರು ಮೊದಲು ಅಂಚು ನೋಡಿ

ಮೊನ್ನೆ ಒಬ್ಬರ ಬೇಬಿ ಶವರ್‌ನಲ್ಲಿ ಮನೆಯಲ್ಲೇ ಚಿತ್ರ ಅಂಟಿಸಿದ ಒನ್‌ಸಿ, ಅಂದರೆ ಕಾಲ ನಡುವೆ ಬಟನ್ ಹಾಕುವ ಪಾಪುವಿನ ಅಂಗಿ, ಒಂದನ್ನು ಬಿಚ್ಚಿ ತೋರಿಸಿದರು. ಬಿಳಿ ಬಟ್ಟೆ, ಎದೆ ಮೇಲೆ ಹಳದಿ ನಕ್ಷತ್ರ, ವಿನೈಲ್‌ನದು, ಅಂದರೆ ಇಸ್ತ್ರಿಯ ಬಿಸಿಗೆ ಬಟ್ಟೆಗೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆಯದು. ಎಲ್ಲರೂ ಮುದ್ದಾಗಿದೆ ಅಂದರು. ನಾನು ಕೈಗೆ ತಗೊಂಡು ನಕ್ಷತ್ರದ ತುದಿಗೆ ಉಗುರು ತಾಗಿಸಿದೆ. ಎದ್ದೇ ಬಂತು. ಒಂದು ಸಲವೂ ಒಗೆದಿಲ್ಲ, ಮಗು ಇನ್ನೂ ಹುಟ್ಟಿಲ್ಲ, ಆಗಲೇ ಐದು ತುದಿಯಲ್ಲಿ ಮೂರು ಎದ್ದಿವೆ! ಮಾಡಿದ ಹುಡುಗಿ ಪಕ್ಕದಲ್ಲೇ ಇದ್ದಳು, ಅದಕ್ಕೆ ಅಲ್ಲಿ ಸುಮ್ಮನಿದ್ದೆ. ಆದರೆ ಅವಳೊಬ್ಬಳೇ ಅಲ್ಲ, ನಾನು ನೋಡಿದವರೆಲ್ಲ ಇದೇ ತಪ್ಪು ಮಾಡುತ್ತಾರೆ. ಬಟ್ಟೆ ಇಸ್ತ್ರಿ ಮಾಡಿದ ಹಾಗೆ ಚಿತ್ರದ ಮೇಲೆ ಪೆಟ್ಟಿಗೆ ಓಡಿಸುತ್ತಾರೆ, ಚಿತ್ರದ ಜೊತೆ ಬರುವ ಮೇಲಿನ ಹಾಳೆ ಕೀಳುತ್ತಾರೆ, ಪ್ಯಾಕ್ ಮಾಡಿಬಿಡುತ್ತಾರೆ.

ದೊಡ್ಡವರ ಟಿ-ಶರ್ಟ್‌ನಲ್ಲಿ ಅಂಚು ಎದ್ದರೆ ಚಂದ ಕೆಡುತ್ತದೆ, ಅಷ್ಟೇ. ಮಗುವಿನದು ಹಾಗಲ್ಲ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಅದು, ಮೈಮೇಲಿನ ಅಂಗಿಯನ್ನೂ ಬಿಡುವುದಿಲ್ಲ. ನಾನು ಮೊದಲ ಸಲ ಮಾಡಿದ್ದು ಅಕ್ಕನ ಮೊಮ್ಮಗನಿಗೆ, ಒಂದು ಬಾತುಕೋಳಿ. ಕೊಕ್ಕು ಚೂಪಾಗಿ ಕತ್ತರಿಸಿದ್ದೆ. ನಾಲ್ಕನೇ ಒಗೆತಕ್ಕೋ ಐದನೆಯದಕ್ಕೋ ಆ ಕೊಕ್ಕು ಬಿಟ್ಟುಕೊಂಡಿತ್ತು. ಒಂದು ದಿನ ಅಕ್ಕ ಮಗುವಿನ ಬಾಯಿಂದ ಕಿತ್ತಳೆ ಬಣ್ಣದ ಚೂರೊಂದನ್ನು ಬೆರಳು ಹಾಕಿ ತೆಗೆದಳು. ನನಗೆ ಒಂದು ಮಾತೂ ಬೈಯಲಿಲ್ಲ. ಒದ್ದೆಯಾಗಿದ್ದ ಆ ಚೂರನ್ನು ತಂದು ನನ್ನ ಅಂಗೈ ಮೇಲೆ ಇಟ್ಟಳು. ಕಿರುಬೆರಳ ಉಗುರಿನಷ್ಟಿತ್ತು. ಅವತ್ತಿಂದ ನನಗೆ ಚಿತ್ರಕ್ಕಿಂತ ಅಂಚೇ ಮುಖ್ಯ.

ಬಟ್ಟೆ ಕಾಟನ್ನೇ ಇರಲಿ. ಗೆರೆಗೆರೆಯಾಗಿ ಹಿಗ್ಗುವ ರಿಬ್ ಬಟ್ಟೆ ಬೇಡ, ಅದು ಹಿಗ್ಗಿದಾಗ ಚಿತ್ರ ಹಿಗ್ಗದೆ ಬಿರುಕು ಬಿಡುತ್ತದೆ. ಅಳತೆ ಹುಟ್ಟಿದ ಮಗುವಿನದು ತರಬೇಡಿ. ಎಲ್ಲರೂ ಅದನ್ನೇ ತರುತ್ತಾರೆ, ಮಗು ಕೆಲವೇ ವಾರದಲ್ಲಿ ಅದನ್ನು ಮೀರಿ ಬೆಳೆದಿರುತ್ತದೆ. 3-6 ತಿಂಗಳಿನದು, 6-9 ತಿಂಗಳಿನದು ತನ್ನಿ. ಆ ತಿಂಗಳು ಬರುವಾಗ ಚಳಿಯೋ ಸೆಕೆಯೋ ಲೆಕ್ಕ ಹಾಕಿ ತೋಳಿನ ಉದ್ದ ನೋಡಿ.

ತಂದ ಮೇಲೆ ಒಗೆದು ಒಣಗಿಸಲೇಬೇಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಆಮೇಲೆ ಕುಗ್ಗುವುದೂ ಉಂಟು. ಬಟ್ಟೆ ಕುಗ್ಗಿ ಚಿತ್ರ ಕುಗ್ಗದಿದ್ದರೆ ಅಂಚು ಸುಕ್ಕಾಗಿ ಏಳುತ್ತದೆ. ಒಗೆಯುವಾಗ ಮೆದು ಮಾಡುವ ಆ ಘಮಘಮ ದ್ರವ ಹಾಕಬೇಡಿ, ಅದು ನೂಲಿನ ಮೇಲೆ ಪದರವಾಗಿ ಕೂತು ಅಂಟು ಹಿಡಿಯಲು ಬಿಡುವುದಿಲ್ಲ. ಮಾತು ಬಂತು ಅಂತ ಹೇಳುತ್ತೇನೆ, ಮೈ ಒರೆಸುವ ಟವೆಲ್‌ಗೂ ಅದನ್ನು ಸುರಿಯುವುದು ಬಿಡಿ. ಟವೆಲ್ ನೀರು ಹೀರುತ್ತಿಲ್ಲ ಅಂತ ದೂರುವವರ ಮನೆಯಲ್ಲೆಲ್ಲ ಆ ಬಾಟಲಿ ಇದ್ದೇ ಇರುತ್ತದೆ.

ಚಿತ್ರ ಚಿಕ್ಕದಿರಲಿ, ನಿಮ್ಮ ಅಂಗೈಗಿಂತ ಸಣ್ಣದು. ದೊಡ್ಡ ವಿನೈಲ್ ತುಂಡು ಗಾಳಿಯಾಡಲು ಬಿಡುವುದಿಲ್ಲ, ಅದರ ಕೆಳಗೆ ಮಗು ಬೆವರುತ್ತದೆ. ಮಿನುಗು ಪುಡಿ, ಮಣಿ, ಗುಂಡಿ ಯಾವುದೂ ಬೇಡ. ಬೆನ್ನ ಮೇಲೂ ಬೇಡ, ಮಗು ಮಲಗುವುದೇ ಬೆನ್ನ ಮೇಲೆ. ಕತ್ತಿನಿಂದ ಎರಡು ಬೆರಳು ಕೆಳಗೆ ಸರಿಯಾದ ಜಾಗ. ಅಂಗಿಯನ್ನು ಉದ್ದಕ್ಕೆ ಮಡಚಿ ಒಮ್ಮೆ ಇಸ್ತ್ರಿ ಒತ್ತಿದರೆ ನಡುಗೆರೆ ತಾನೇ ಸಿಗುತ್ತದೆ. ಅಕ್ಷರ ಇದ್ದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕತ್ತರಿಸಿ. ಪ್ರಿಂಟರ್‌ನಲ್ಲಿ ಚಿತ್ರ ಮುದ್ರಿಸಿ ಬಟ್ಟೆಗೆ ಇಸ್ತ್ರಿ ಒತ್ತುವ ಪೇಪರ್‌ ಇದೆಯಲ್ಲ, ಅದರಲ್ಲಿ ಗಾಢ ಬಣ್ಣದ ಬಟ್ಟೆಗೆ ಅಂತ ಬರುವುದನ್ನು ಮಾತ್ರ ತಿರುಗಿಸಬಾರದು. ಮತ್ತೆ, ಚೂಪು ಮೂಲೆ ಒಂದೂ ಉಳಿಯಬಾರದು. ನಕ್ಷತ್ರವೇ ಬೇಕಾದರೆ ತುದಿಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿ. ಮೊದಲು ಏಳುವುದು ಮೂಲೆಯೇ.

ಈಗ ಒಳದಿಂಬು, ಅಂದರೆ ಒತ್ತುವಾಗ ಅಂಗಿಯ ಒಳಗೆ ಚಿತ್ರದ ಅಡಿಗೆ ಇಡುವ ಪುಟ್ಟ ಗಟ್ಟಿ ದಿಂಬು. ಇದನ್ನು ಯಾರೂ ಮಾಡುವುದಿಲ್ಲ, ನಾನು ಇದಿಲ್ಲದೆ ಪೆಟ್ಟಿಗೆ ಬಿಸಿಗೆ ಇಡುವುದೇ ಇಲ್ಲ. ಪುಟ್ಟ ಅಂಗಿಯಲ್ಲಿ ಎಲ್ಲೆಲ್ಲೂ ಉಬ್ಬು. ಕತ್ತಿನ ಪಟ್ಟಿ, ಹೆಗಲ ಹೊಲಿಗೆ, ಕೆಳಗೆ ಟಿಚ್ ಬಟನ್. ಪೆಟ್ಟಿಗೆ ಈ ಉಬ್ಬುಗಳ ಮೇಲೆ ಕೂತರೆ ನಡುವಿನ ಚಿತ್ರಕ್ಕೆ ಬಿಸಿ ತಾಗುತ್ತದೆ, ಒತ್ತಡ ಬೀಳುವುದಿಲ್ಲ. ಅಂಟು ಹಿಡಿಯಲು ಎರಡೂ ಬೇಕು. ಅದಕ್ಕೆ ಗಟ್ಟಿ ರಟ್ಟನ್ನು ಚಿತ್ರಕ್ಕಿಂತ ಸುತ್ತಲೂ ಒಂದು ಬೆರಳು ದೊಡ್ಡದಾಗಿ ಕತ್ತರಿಸಿ. ಆದರೆ ಯಾವ ಹೊಲಿಗೆಗೂ ತಾಗಬಾರದು. ಆ ರಟ್ಟಿಗೆ ಹಳೆ ದಿಂಬಿನ ಕವರ್ ಸುತ್ತಿ. ಒಗೆದು ಒಗೆದು ನುಣುಪಾದದ್ದೇ ಆಗಬೇಕು. ಟರ್ಕಿ ಟವೆಲ್ ಮಾತ್ರ ಬೇಡ, ಅದರ ಗುಂಗುರು ಬಿಸಿಗೆ ಚಿತ್ರದ ಮೇಲೆ ಅಚ್ಚಾಗಿ ಬೀಳುತ್ತದೆ. ಮೂರು ಸುತ್ತೋ ನಾಲ್ಕು ಸುತ್ತೋ ಬಟ್ಟೆ ನೋಡಿ, ಬಿಗಿಯಾಗಿ ಸುತ್ತಿ ತುದಿಯನ್ನು ಅಡಿಗೆ ಮಡಚಿ. ಇದನ್ನು ಅಂಗಿಯ ಒಳಗೆ ತೂರಿಸಿ ನಡುಗೆರೆಯ ಕೆಳಗೆ ಕೂರಿಸಿ. ಆಮೇಲೆ ಕಣ್ಣು ಮುಚ್ಚಿ ಅಂಗೈಯನ್ನು ಅಂಗಿಯ ಮೇಲೆ ಸವರಿ. ನಿಜವಾಗಲೂ ಕಣ್ಣು ಮುಚ್ಚಿ, ಕಣ್ಣಿಗೆ ಸಮ ಕಂಡದ್ದು ಕೈಗೆ ಸಮ ಇರುವುದಿಲ್ಲ. ದಿಂಬು ಕತ್ತಿನ ಪಟ್ಟಿಗಿಂತ ತುಸು ಎತ್ತರ ಅನ್ನಿಸಬೇಕು. ಅನ್ನಿಸದಿದ್ದರೆ ಇನ್ನೊಂದು ಸುತ್ತು. ಇದರಿಂದ ಅಂಟು ಹಿಂಬದಿಯ ಬಟ್ಟೆಗೆ ಇಳಿಯುವುದೂ ತಪ್ಪುತ್ತದೆ. ನನ್ನ ಹತ್ತಿರ ಮೂರು ಅಳತೆಯ ದಿಂಬುಗಳಿವೆ, ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿವೆ. ಬಿಸಾಡಲು ಯಾರಿಗೂ ಬಿಡುವುದಿಲ್ಲ.

ಇಸ್ತ್ರಿಯ ಮೆತ್ತನೆ ಹಲಗೆ ಬೇಡ, ಗಟ್ಟಿ ಮೇಜು ಬೇಕು. ಮೈಭಾರ ಹಾಕಿ ಒತ್ತಲು ಸೊಂಟದ ಮಟ್ಟಕ್ಕಿದ್ದರೆ ಒಳ್ಳೆಯದು. ಪೆಟ್ಟಿಗೆಯ ನೀರು ಚೆಲ್ಲಿ ಖಾಲಿ ಮಾಡಿ, ಹಬೆ ಬಂದರೆ ಅಂಟು ಕೆಟ್ಟಿತು. ಪೆಟ್ಟಿಗೆಯ ಬಿಸಿ ತಿರುಗಿಸುವ ಗುಂಡಿಯಲ್ಲಿ ಎರಡು ಚುಕ್ಕೆ ಅಂದರೆ ಸುಮಾರು 150 ಡಿಗ್ರಿ, ಮೂರು ಚುಕ್ಕೆ ಅಂದರೆ ಸುಮಾರು 200. ವಿನೈಲ್‌ಗೆ ನಾನು ಇವೆರಡರ ನಡುವೆ ಇಡುತ್ತೇನೆ. ಮೊದಲು ಬರೀ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ತೇವ ಓಡಿಸಿ. ಚಿತ್ರ ಇಟ್ಟು ಮೇಲೆ ಬೇಕಿಂಗ್ ಪೇಪರ್ ಹಾಕಿ. ಮೇಣದ ಕಾಗದ ಹಾಕಿದರೆ ಮೇಣ ಕರಗಿ ಬಟ್ಟೆಗೆ ಹತ್ತುತ್ತದೆ. ಪೆಟ್ಟಿಗೆ ಇಡಿ, ಒತ್ತಿ, ನಿಧಾನವಾಗಿ ಹದಿನೈದು ಎಣಿಸಿ, ಎತ್ತಿ, ಪಕ್ಕಕ್ಕೆ ಇಡಿ. ಎಳೆಯಬೇಡಿ! ಎಳೆದರೆ ಚಿತ್ರವೂ ಜೊತೆಗೆ ಜಾರುತ್ತದೆ. ಹಬೆ ತೂತುಗಳಿರುವ ಕಡೆ ಒತ್ತಡವೂ ಇಲ್ಲ, ಬಿಸಿಯೂ ಕಡಿಮೆ. ಅದಕ್ಕೆ ಎರಡನೇ ಸಲ ಪೆಟ್ಟಿಗೆ ತುಸು ಸರಿಸಿ ಇಟ್ಟು ಒತ್ತಿ. ಚಿತ್ರದ ಮೇಲಿನ ಹಾಳೆ ಬಿಸಿಯಲ್ಲಿ ಕೀಳಬೇಕೋ ಆರಿದ ಮೇಲೋ ಪ್ಯಾಕೆಟ್ ಮೇಲೆ ಇರುತ್ತದೆ, ಓದಿ. ಕಿತ್ತಾದ ಮೇಲೆ ಅಂಗಿ ತಿರುವಿ ಒಳಗಿನಿಂದ ಇನ್ನೊಮ್ಮೆ ಒತ್ತಿ.

ಪೂರ್ತಿ ಆರಿದ ಮೇಲೆ ಉಗುರು ತಾಗಿಸಿಕೊಂಡು ಅಂಚಿನ ಸುತ್ತ ನಿಧಾನ ಬನ್ನಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮತ್ತೆ ಒತ್ತಬೇಕು. ಎರಡು ಸಲ ಒತ್ತಿದರೂ ಏಳುತ್ತಿದ್ದರೆ ಆ ಅಂಗಿ ಕೊಡಬೇಡಿ. ಕಷ್ಟಪಟ್ಟಿದ್ದೀರಿ, ಗೊತ್ತು, ಆದರೂ ಕೊಡಬೇಡಿ.

ನನಗೆ ವಿನೈಲ್‌ಗಿಂತ ಬಟ್ಟೆಯ ತುಂಡೇ ಇಷ್ಟ. ಒಂದು ಬದಿ ಕಾಗದ ಇರುವ ಇಸ್ತ್ರಿ ಅಂಟು ಸಿಗುತ್ತದಲ್ಲ, ಅದನ್ನು ಕಾಟನ್ ಚೂರಿನ ಹಿಂಬದಿಗೆ ಹತ್ತಿಸಿ, ಆಕಾರ ಕತ್ತರಿಸಿ, ಕಾಗದ ಕಿತ್ತು ಅಂಗಿಗೆ ಒತ್ತುವುದು. ಸುತ್ತ ಒಂದು ಜಿಗ್‌ಜಾಗ್ ಹೊಲಿಗೆ ಹಾಕಿದರೆ ಅಂಚಿನ ಚಿಂತೆ ತುಂಬಾ ಕಡಿಮೆ. ಹೊಲಿದವರು ಒಳಗಡೆ ದಾರ ಮಗುವಿಗೆ ಚುಚ್ಚದ ಹಾಗೆ ಮೆತ್ತನೆಯ ಅಂಟುಬಟ್ಟೆ ಮುಚ್ಚಲು ಮರೆಯಬೇಡಿ.

ಅಂಟಿಸಿ 24 ಗಂಟೆ ಆಗುವ ತನಕ ನೀರು ತಾಗಿಸಬಾರದು. ಶವರ್‌ನ ಹಿಂದಿನ ರಾತ್ರಿ ಕೂತು ಮಾಡುವವರು ಇದನ್ನು ಎರಡು ಸಲ ಓದಿ. ನಾನು ಪ್ಯಾಕ್ ಮಾಡುವಾಗ ಅಂಗಿಯ ಮಡಿಕೆಯೊಳಗೆ ಒಂದು ಚೀಟಿ ಇಡುತ್ತೇನೆ. ತಿರುವಿ ಹಾಕಿ ತಣ್ಣೀರಲ್ಲಿ ಒಗೆಯಿರಿ, ಚಿತ್ರದ ಮೇಲೆ ಇಸ್ತ್ರಿ ಇಡಬೇಡಿ, ಪ್ರತಿ ಸಲ ತೊಡಿಸುವ ಮುಂಚೆ ಅಂಚು ಮುಟ್ಟಿ ನೋಡಿ, ಎದ್ದಿದ್ದರೆ ನನಗೆ ಬೇಜಾರಾಗುತ್ತೆ ಅಂತ ಇಟ್ಟುಕೊಳ್ಳಬೇಡಿ, ತೆಗೆದುಬಿಡಿ.